ಬ್ರಿಟನ್ನಿನಲ್ಲಿ ನಡುರಾತ್ರಿ ನಾಯಿ, ಬೆಕ್ಕಿಗೆ ಹುಷಾರು ತಪ್ಪಿದರೆ: ಮಲೆನಾಡಿನವರಿಗೆ ಒಂದಿಷ್ಟು ಮಾಹಿತಿ

ಶಿವಮೊಗ್ಗದ ಕಡೆ ನಾಯಿಗೆ ಏನಾದರೂ ಆದರೆ ನಾವು ಮೊದಲು ಹುಡುಕುವುದು ಪರಿಚಯದವರ ನಂಬರು. ಊರಿನ ಪಶು ಆಸ್ಪತ್ರೆಯ ಡಾಕ್ಟರು, ಅವರು ಸಿಗದಿದ್ದರೆ ಕಾಂಪೌಂಡರು, ಅವರೂ ಇಲ್ಲದಿದ್ದರೆ ಪಕ್ಕದ ಮನೆಯವರಿಗೆ ಗೊತ್ತಿರುವ ಇನ್ಯಾರೋ. 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಪಶು ಆಂಬುಲೆನ್ಸ್ ಇದೆ. ಕೇಸು ದೊಡ್ಡದಾದರೆ ವಿನೋಬನಗರದ ಪಶುವೈದ್ಯಕೀಯ ಕಾಲೇಜು. ಕಾಡುಹಂದಿ ಸೀಳಿದ ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ, ಓಮ್ನಿಯಲ್ಲಿ ಮಲಗಿಸಿಕೊಂಡು ಹೋದವರು ತೀರ್ಥಹಳ್ಳಿ, ಹೊಸನಗರದ ಕಡೆ ಬೇಕಾದಷ್ಟು ಜನ ಸಿಗುತ್ತಾರೆ.

ಬ್ರಿಟನ್ನಿನಲ್ಲಿ ಪರಿಚಯ ನಡೆಯುವುದಿಲ್ಲ. ರಾತ್ರಿ ಎರಡು ಗಂಟೆಗೂ ಡಾಕ್ಟರು ಸಿಗುತ್ತಾರೆ, ಅದು ಗ್ಯಾರಂಟಿ. ಆದರೆ ಅರ್ಧ ಕೆಲಸ ಪ್ರಾಣಿ ಹುಷಾರಾಗಿ ಓಡಾಡಿಕೊಂಡಿದ್ದಾಗಲೇ ಮುಗಿದಿರಬೇಕು. ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲೇ.

ಮೊದಲು ಮನೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸಿ. ಇಲ್ಲಿನ ಪಶುವೈದ್ಯರ ನಿಯಮ ನೋಡಿಕೊಳ್ಳುವುದು ರಾಯಲ್ ಕಾಲೇಜ್ ಆಫ್ ವೆಟರಿನರಿ ಸರ್ಜನ್ಸ್. ತುರ್ತು ಪ್ರಥಮ ಚಿಕಿತ್ಸೆ ಮತ್ತು ನೋವು ಕಡಿಮೆ ಮಾಡುವ ಚಿಕಿತ್ಸೆ 24 ಗಂಟೆಯೂ ಸಿಗುವ ಹಾಗೆ ವೈದ್ಯರು ನೋಡಿಕೊಳ್ಳಬೇಕು ಎನ್ನುವುದು ಅದರ ನಿಯಮ. ಹಾಗಂತ ನಿಮ್ಮ ಕ್ಲಿನಿಕ್ಕೇ ರಾತ್ರಿ ತೆರೆದಿರುತ್ತದೆ ಎಂದಲ್ಲ. ಬಹಳಷ್ಟು ಕ್ಲಿನಿಕ್‌ಗಳು ರಾತ್ರಿ ಮತ್ತು ವಾರಾಂತ್ಯದ ಕೇಸುಗಳನ್ನು ವೆಟ್ಸ್ ನೌ ಥರದ ಬೇರೆ ಸಂಸ್ಥೆಗೆ ವಹಿಸಿರುತ್ತವೆ. ಅದು ಬೇರೆ ಕಟ್ಟಡ, ಕೆಲವೊಮ್ಮೆ ಬೇರೆ ಊರು. ಆ ವಿಳಾಸ ಇವತ್ತೇ ಕೇಳಿ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಕಾರಿಲ್ಲದವರು ಸಾಕುಪ್ರಾಣಿ ಹತ್ತಿಸಿಕೊಳ್ಳುವ ಟ್ಯಾಕ್ಸಿಯ ನಂಬರನ್ನೂ ಜೊತೆಗೆ ಇಟ್ಟುಕೊಳ್ಳಿ. ಊರಿನಲ್ಲಿ ಡಾಕ್ಟರು ಕೊಟ್ಟಿಗೆಗೇ ಬರುತ್ತಾರೆ. ಇಲ್ಲಿ ನಾಯಿ, ಬೆಕ್ಕಿಗೆ ಮನೆಗೆ ಬರುವುದು ಅಪರೂಪ. 999ಕ್ಕೆ ಫೋನ್ ಮಾಡಬೇಡಿ, ಅದು ಮನುಷ್ಯರಿಗೆ. ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆ ಕೂಡ ಅಷ್ಟೇ, ಪ್ರಾಣಿಗೆ ಅಲ್ಲಿ ಏನೂ ಇಲ್ಲ.

ರಾತ್ರಿ ಏನಾದರೂ ಆದಾಗ ಸೀದಾ ಹೊರಡಬೇಡಿ, ಮೊದಲು ಫೋನ್ ಮಾಡಿ. ಸಾಮಾನ್ಯವಾಗಿ ನರ್ಸ್ ಒಬ್ಬರು ಎತ್ತುತ್ತಾರೆ. ವಯಸ್ಸು, ತೂಕ, ಏನಾಯಿತು, ಎಷ್ಟು ಹೊತ್ತಾಯಿತು, ಉಸಿರು ಹೇಗಿದೆ ಎಂದು ಕೇಳುತ್ತಾರೆ. ಒಸಡಿನ ಬಣ್ಣ ಕೇಳಿದರೆ ಗಾಬರಿಯಾಗಬೇಡಿ. ತುಟಿ ಮೇಲೆತ್ತಿ ಟಾರ್ಚ್ ಹಾಕಿ ನೋಡಿ. ಗುಲಾಬಿ ಬಣ್ಣ ಇದ್ದರೆ ಸ್ವಲ್ಪ ಸಮಾಧಾನ. ಬಿಳಿಚಿದ್ದರೆ ಅಥವಾ ನೀಲಿಯಾಗಿದ್ದರೆ ಅದನ್ನೇ ಮೊದಲು ಹೇಳಿ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು, ಹಾಗಿದ್ದರೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ.

ಯಾವುದಕ್ಕೆ ಬೆಳಗಿನವರೆಗೆ ಕಾಯಬಾರದು? ಉಸಿರಾಡಲು ಕಷ್ಟ, ನಿಲ್ಲದ ರಕ್ತ, ಐದು ನಿಮಿಷ ದಾಟಿದ ಫಿಟ್ಸ್, ಇವು ಯಾರಿಗಾದರೂ ಗೊತ್ತಾಗುತ್ತವೆ. ಗೊತ್ತಾಗದೇ ಹೋಗುವುದು ಎರಡು. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂತು, ತಿಣುಕಿ, ಒಂದು ಹನಿಯೂ ಬಾರದೆ ಎದ್ದು ಬರುತ್ತಿದ್ದರೆ ಅದು ಮಲಬದ್ಧತೆ ಅಂದುಕೊಂಡು ಸುಮ್ಮನಿರುವವರು ಜಾಸ್ತಿ. ಮೂತ್ರ ಕಟ್ಟಿಕೊಂಡಿರಬಹುದು, ಹಾಗೇ ಬಿಟ್ಟರೆ ಜೀವ ಹೋಗುತ್ತದೆ. ಇನ್ನೊಂದು, ಎದೆ ಆಳವಾಗಿರುವ ದೊಡ್ಡ ನಾಯಿಗಳದ್ದು. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಥರದವು. ಹೊಟ್ಟೆ ಉಬ್ಬಿದೆ, ವಾಂತಿಗೆ ಓಕರಿಸುತ್ತದೆ, ಏನೂ ಹೊರಗೆ ಬರುವುದಿಲ್ಲ. ಹೊಟ್ಟೆ ತಿರುಚಿಕೊಂಡಿರಬಹುದು. ಆಗ ಗಂಟೆಗಳ ಲೆಕ್ಕವಲ್ಲ, ನಿಮಿಷಗಳ ಲೆಕ್ಕ.

ಇನ್ನು ನಮ್ಮ ಮನೆಗಳದ್ದೇ ಆದ ಅಪಾಯಗಳಿವೆ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಡೋಲೋ ಇಲ್ಲದೆ ಬರುವವರು ಯಾರಿದ್ದಾರೆ? ಅದರಲ್ಲಿರುವುದು ಪ್ಯಾರಸಿಟಮಾಲ್, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು. ಮೈ ಬಿಸಿ ಇದೆ ಅಂತ ಚೂರು ಮುರಿದು ಹಾಲಿನಲ್ಲಿ ಹಾಕುವ ಸಾಹಸ ಬೇಡ. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಈರುಳ್ಳಿ, ಬೆಳ್ಳುಳ್ಳಿ ರಕ್ತ ಕೆಡಿಸುತ್ತವೆ, ಹಾಗಾಗಿ ಹುಳಿ ಕಲಸಿದ ಅನ್ನ ತಟ್ಟೆಯಿಂದ ನಾಯಿಗೆ ಹಾಕುವ ಅಭ್ಯಾಸ ಬಿಡಬೇಕು. ಹಬ್ಬದ ದಿನ ಸೂಪರ್‌ಮಾರ್ಕೆಟ್‌ನಿಂದ ತರುವ ಹೂವಿನ ಕಟ್ಟಿನಲ್ಲಿ ಲಿಲ್ಲಿ ಇದೆಯಾ ನೋಡಿ. ಅದರ ಪರಾಗ ಮೈಗೆ ತಾಗಿ, ಬೆಕ್ಕು ನೆಕ್ಕಿಕೊಂಡರೂ ಸಾಕು, ಕಿಡ್ನಿ ಹೋಗುತ್ತದೆ. ವಿಷ ತಿಂದಿದೆ ಅನಿಸಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಪೊಟ್ಟಣ ಅಥವಾ ಮಾತ್ರೆಯ ಖಾಲಿ ಹಾಳೆ ಕೈಯಲ್ಲಿ ಹಿಡಿದು ಫೋನ್ ಮಾಡಿ. ಅನಿಮಲ್ ಪಾಯ್ಸನ್‌ಲೈನ್ ಅಂತ 24 ಗಂಟೆಯ ಸೇವೆಯೊಂದಿದೆ. ದುಡ್ಡು ತೆಗೆದುಕೊಳ್ಳುತ್ತಾರೆ, ಆದರೆ ಹೋಗಲೇಬೇಕಾ ಬೇಡವಾ ಎಂದು ಹೇಳಿಬಿಡುತ್ತಾರೆ. ಗಾಯಕ್ಕೆ ಅರಿಶಿನ ಮೆತ್ತಬೇಡಿ, ಡಾಕ್ಟರಿಗೆ ಅದನ್ನು ತೊಳೆಯುವುದೇ ಒಂದು ಕೆಲಸ.

ಹಾವಿನ ವಿಷಯಕ್ಕೆ ಮಾತ್ರ ನಾವು ನೆಮ್ಮದಿಯಾಗಿರಬಹುದು. ಕೊಳಕುಮಂಡಲ, ನಾಗರ ನೋಡಿ ಬೆಳೆದವರಿಗೆ ಇಲ್ಲಿರುವುದು ಒಂದೇ ವಿಷದ ಹಾವು, ಆಡರ್. ಕುರುಚಲು ಬಯಲಿನಲ್ಲಿ ಅದು ನಾಯಿಗೆ ಕಚ್ಚಿದರೆ ಕಟ್ಟು ಕಟ್ಟಬೇಡಿ, ನಡೆಸಬೇಡಿ, ಎತ್ತಿಕೊಂಡೇ ಕರೆದೊಯ್ಯಿರಿ. ಉಣುಗು ಇಲ್ಲೂ ಉಂಟು. ಮಂಗನ ಕಾಯಿಲೆ ಇಲ್ಲ, ಲೈಮ್ ಕಾಯಿಲೆ ಇದೆ.

ಈಗ ದುಡ್ಡಿನ ಮಾತು. ರಾತ್ರಿ ಹೊತ್ತಿನ ಕ್ಲಿನಿಕ್‌ನಲ್ಲಿ ಬರೀ ನೋಡುವ ಫೀಸೇ 200 ಪೌಂಡ್ ದಾಟುವುದುಂಟು. ಆಪರೇಷನ್ ಆದರೆ ಬಿಲ್ಲು ಸಾವಿರಗಳಲ್ಲಿ. ಊರಿಗೆ ಫೋನಿನಲ್ಲಿ ಹೇಳಿದರೆ ಅಮ್ಮ "ನಾಯಿಗೆ ಅಷ್ಟು ದುಡ್ಡಾ ಮಾರಾಯಾ!" ಅನ್ನದೆ ಇರುವುದಿಲ್ಲ. ಮೊದಲ ಸಲ ನೋಡುವವರಿಗೆ ಮುಜುಗರವಾಗುವುದು ಏನೆಂದರೆ, ಒಳಗೆ ಪ್ರಾಣಿ ನರಳುತ್ತಿರುವಾಗಲೇ ಒಂದು ಅಂದಾಜು ಪಟ್ಟಿ ಕೈಗೆ ಕೊಡುತ್ತಾರೆ. ರಕ್ತ ಪರೀಕ್ಷೆ, ಎಕ್ಸ್‌ರೇ, ಡ್ರಿಪ್, ರಾತ್ರಿ ಉಳಿಸಿಕೊಳ್ಳುವ ಖರ್ಚು ಒಂದೊಂದು ಸಾಲು. ಕೆಳಗೆ ಎರಡು ಮೊತ್ತ: ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು. ಸಹಿ ಮಾಡಬೇಕು, ಮುಂಗಡ ಕಟ್ಟಬೇಕು. ಇದು ಕಟುಕತನವಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಬಿಲ್ಲು ಬೆಳೆಸಬಾರದು ಅಂತಲೇ ಆ ಪಟ್ಟಿ.

ನಮ್ಮವರು ಸಂಕೋಚಕ್ಕೆ ಸುಮ್ನೆ ಸಹಿ ಮಾಡಿ, ಆಮೇಲೆ ಸಾಲ ಮಾಡುತ್ತಾರೆ. ಹಾಗೆ ಮಾಡಬೇಡಿ. ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ಇವತ್ತು ರಾತ್ರಿ ಆಗಲೇಬೇಕಾದದ್ದು ಯಾವುದು, ಬೆಳಗ್ಗೆ ನಮ್ಮ ಕ್ಲಿನಿಕ್‌ನಲ್ಲಿ ಮಾಡಿಸಬಹುದಾದದ್ದು ಯಾವುದು?" ನಿಮ್ಮ ಕೈಯಲ್ಲಿ ಎಷ್ಟಾಗುತ್ತದೆ ಎಂಬುದನ್ನೂ ಬಾಯಿಬಿಟ್ಟು ಹೇಳಿ. ಅದಕ್ಕೆ ತಕ್ಕಂತೆ ದಾರಿ ಹುಡುಕುವ ಅಭ್ಯಾಸ ಇಲ್ಲಿನ ಡಾಕ್ಟರುಗಳಿಗೆ ಇದೆ. ರಾತ್ರಿ ಮಾತ್ರ ನಡೆಯುವ ಕ್ಲಿನಿಕ್ ಆದರೆ, ಬೆಳಗ್ಗೆ ನೀವೇ ಡ್ರಿಪ್ಪಿನ ಸೂಜಿ ಸಮೇತ ಪ್ರಾಣಿಯನ್ನು ನಿಮ್ಮ ಕ್ಲಿನಿಕ್‌ಗೆ ಸಾಗಿಸಬೇಕಾಗಬಹುದು. ಆಫೀಸಿಗೆ ರಜೆ ಹೇಳಿಡಿ.

ಪಿಡಿಎಸ್‌ಎ, ಬ್ಲೂ ಕ್ರಾಸ್ ಥರದ ದತ್ತಿ ಸಂಸ್ಥೆಗಳು ಕಡಿಮೆ ದುಡ್ಡಿಗೆ ನೋಡುತ್ತವೆ ಎಂದು ಯಾರಾದರೂ ಹೇಳುತ್ತಾರೆ. ನಿಜವೇ. ಆದರೆ ಅವರು ಹೆಚ್ಚಾಗಿ ಕೇಳುವುದು ಸರ್ಕಾರದ ನೆರವು ಪಡೆಯುತ್ತಿರುವ ಪುರಾವೆ. ಕೆಲಸದ ವೀಸಾ, ಸ್ಟೂಡೆಂಟ್ ವೀಸಾದವರಿಗೆ ಆ ನೆರವೇ ಇಲ್ಲ. ಅಂದಮೇಲೆ ನಮಗೆ ಉಳಿದದ್ದು ಇನ್ಶೂರೆನ್ಸ್ ಒಂದೇ. ಮರಿ ತಂದ ವಾರವೇ ಮಾಡಿಸಿ. ಒಮ್ಮೆ ಕಾಣಿಸಿಕೊಂಡ ಕಾಯಿಲೆಗೆ ಆಮೇಲೆ ಪಾಲಿಸಿ ಮಾಡಿಸಿದರೆ ಕಾಸು ಬರುವುದಿಲ್ಲ, ಹೊಸ ಪಾಲಿಸಿಯಲ್ಲೂ ಕಾಯಿಲೆಗೆ ಸಾಮಾನ್ಯವಾಗಿ ಮೊದಲ 14 ದಿನ ರಕ್ಷಣೆ ಇರುವುದಿಲ್ಲ. 'ಲೈಫ್‌ಟೈಮ್' ಪಾಲಿಸಿ, ಅಂದರೆ ನವೀಕರಿಸುತ್ತಾ ಹೋದರೆ ಅದೇ ಕಾಯಿಲೆಗೆ ವರ್ಷ ವರ್ಷವೂ ದುಡ್ಡು ಕೊಡುವಂಥದ್ದು, ದುಬಾರಿ, ಆದರೂ ನನ್ನ ಓಟು ಅದಕ್ಕೇ. ಅಪಘಾತಕ್ಕೆ ಮಾತ್ರ ಅನ್ನುವ ಅಗ್ಗದ ಪಾಲಿಸಿ ಬೆಕ್ಕಿನ ಮೂತ್ರ ಕಟ್ಟಿದಾಗ ಉಪಯೋಗಕ್ಕೆ ಬಾರದು. ರಾತ್ರಿ ಕ್ಲಿನಿಕ್ಕು ಕಂಪನಿಯಿಂದ ನೇರ ದುಡ್ಡು ಪಡೆಯುತ್ತದೋ, ನೀವು ಕಟ್ಟಿ ಆಮೇಲೆ ವಾಪಸ್ ಪಡೆಯಬೇಕೋ ಎಂದು ಮೊದಲೇ ಕೇಳಿಕೊಳ್ಳಿ.

ಕಷ್ಟದ ಮಾತೊಂದಿದೆ. ಉಳಿಯುವುದಿಲ್ಲ ಅನಿಸಿದರೆ ಡಾಕ್ಟರೇ ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಜೀವ ಬಿಡಿಸುವ ಮಾತು ಎತ್ತುತ್ತಾರೆ. ನಮ್ಮಲ್ಲಿ ಮುದಿ ನಾಯಿ ಜಗಲಿಯಲ್ಲೇ ಕೊನೆಯುಸಿರು ಎಳೆಯುತ್ತದೆ, ಹಾಗಾಗಿ ಈ ಮಾತು ಕೇಳಿದ ಕೂಡಲೇ ಸಿಟ್ಟೇ ಬರುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಪ್ರಕಾರ ಪ್ರಾಣಿಯನ್ನು ವಿನಾಕಾರಣ ನರಳಲು ಬಿಡುವುದೇ ಅಪರಾಧ. ಯೋಚಿಸಲು ಸ್ವಲ್ಪ ಸಮಯ ಕೇಳಿ, ಕೊಡುತ್ತಾರೆ. ಜೊತೆಯಲ್ಲಿ ಇರಬಹುದು. ಆಮೇಲೆ ದಹನಕ್ಕೆ ಅವರೇ ಏರ್ಪಾಡು ಮಾಡುತ್ತಾರೆ, ಬೂದಿ ಬೇಕಿದ್ದರೆ ಪ್ರತ್ಯೇಕ ದಹನ ಅಂತ ಮೊದಲೇ ಹೇಳಬೇಕು. ಸ್ವಂತ ಮನೆಯ ಹಿತ್ತಲಲ್ಲಿ ಹೂಳಬಹುದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕು.

ಪ್ರಾಣಿಯ ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್ ಇಂಗ್ಲೆಂಡಿನಲ್ಲಿ ನಾಯಿಗೆ 2016ರಿಂದ, ಬೆಕ್ಕಿಗೆ 2024ರ ಜೂನ್‌ನಿಂದ ಕಡ್ಡಾಯ. ಚಿಪ್ ಹಾಕಿಸಿ ಮರೆತರೆ ಪ್ರಯೋಜನವಿಲ್ಲ. ಮನೆ ಬದಲಿಸಿದಾಗ, ಸಿಮ್ ಬದಲಿಸಿದಾಗ ದಾಖಲೆಯಲ್ಲೂ ಬದಲಿಸಿ. ಕಾರು ಗುದ್ದಿ ಬಿದ್ದ ಬೆಕ್ಕನ್ನು ಯಾರೋ ಪುಣ್ಯಾತ್ಮರು ಕ್ಲಿನಿಕ್‌ಗೆ ತಂದಾಗ ನಿಮಗೆ ಫೋನ್ ಬರುವುದು ಆ ನಂಬರಿಗೇ. ಅಂದ ಹಾಗೆ, ನಾಯಿಗೆ ಕಾರು ಗುದ್ದಿದರೆ ನಿಲ್ಲಿಸಬೇಕು, ಅಲ್ಲೇ ಯಾರಿಗೂ ವಿವರ ಕೊಡಲಾಗದಿದ್ದರೆ ಪೊಲೀಸರಿಗೆ ತಿಳಿಸಬೇಕು ಎಂದು 1988ರ ರಸ್ತೆ ಸಂಚಾರ ಕಾಯ್ದೆ ಹೇಳುತ್ತದೆ. ದನ, ಕುರಿ, ಆಡು, ಹಂದಿ, ಕತ್ತೆ ಎಲ್ಲ ಆ ಪಟ್ಟಿಯಲ್ಲಿವೆ, ಬೆಕ್ಕು ಇಲ್ಲ. ಕತ್ತೆಗಿರುವ ಮರ್ಯಾದೆ ಬೆಕ್ಕಿಗಿಲ್ಲ ನೋಡಿ.

ಸಾಗರದ ಮಾರಿಕಾಂಬಾ ಜಾತ್ರೆಗೋ ಅಡಿಕೆ ಕೊಯ್ಲಿಗೋ ಊರಿಗೆ ಹೊರಡುವಾಗ ನಿಮ್ಮ ಕ್ಲಿನಿಕ್‌ಗೆ ಒಂದು ಇಮೇಲ್ ಹಾಕಿ. ಪ್ರಾಣಿ ಯಾರ ಮನೆಯಲ್ಲಿದೆ, ನಿಮ್ಮ ಬದಲು ಒಪ್ಪಿಗೆ ಕೊಡುವವರು ಯಾರು, ಎಷ್ಟು ಪೌಂಡ್‌ವರೆಗೆ ನಿಮ್ಮನ್ನು ಕೇಳದೆ ಚಿಕಿತ್ಸೆ ಮಾಡಬಹುದು, ಪಾಲಿಸಿ ನಂಬರು ಏನು, ಇಷ್ಟು ಸಾಕು. ಅದರದ್ದೇ ಒಂದು ಪ್ರತಿ ನಾಯಿ ನೋಡಿಕೊಳ್ಳುವವರ ಕೈಯಲ್ಲೂ ಇರಲಿ. ಮಲೆನಾಡಿನಲ್ಲಿ ಮನೆಯೊಳಗೆ ನೆಟ್‌ವರ್ಕ್ ಸಿಗುವುದು ಅನುಮಾನ ಅಲ್ವಾ, ಹಾಗಾಗಿ ಮನೆಯ ಲ್ಯಾಂಡ್‌ಲೈನ್ ನಂಬರನ್ನೂ ಅದರಲ್ಲಿ ಬರೆಯಿರಿ.