ನಿದ್ದೆ ಬಾರದವರು ಹಾಸಿಗೆಯಲ್ಲಿರುವ ಹೊತ್ತು ಕಡಿಮೆ ಮಾಡಬೇಕು: ಹೇಗೆ, ಏಕೆ?

ರಾತ್ರಿ ನಿದ್ದೆ ಕೆಟ್ಟವರು ಮರುದಿನ ಬೇಗ ಮಲಗಿಬಿಡುತ್ತಾರೆ. ಹತ್ತೂವರೆಗೆ ಬದಲು ಒಂಬತ್ತಕ್ಕೇ ದೀಪ ಆರಿಸುತ್ತಾರೆ. ಬೆಳಿಗ್ಗೆ ಎಚ್ಚರವಾದ ಮೇಲೂ ಹೊದ್ದುಕೊಂಡೇ ಇರುತ್ತಾರೆ. ನಾಲ್ಕು ದಿನದ ತೊಂದರೆ ತಿಂಗಳುಗಟ್ಟಲೆ ಎಳೆಯುವುದು ಬಹುಮಟ್ಟಿಗೆ ಇಲ್ಲಿಂದಲೇ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದು, ಹಗಲಿನ ಕೆಲಸಕ್ಕೂ ತೊಡಕಾದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇದಕ್ಕೆ ಮಾತ್ರೆಗಿಂತ ಮೊದಲು ಕೊಡಬೇಕಾದ್ದು ಸಿಬಿಟಿ-ಐ ಎಂಬ, ನಿದ್ದೆಯ ಕುರಿತ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಅದರ ಮುಖ್ಯ ಭಾಗವನ್ನು ಮನೆಯಲ್ಲಿ ಹೇಗೆ ಮಾಡಬಹುದು ಎಂಬುದು ಇಲ್ಲಿದೆ.

ಮಿದುಳಿನಲ್ಲಿ ನಡೆಯುವುದೇನು?

ಇಲ್ಲಿ ಮೂರು ಸಂಗತಿಗಳಿವೆ. ಮೊದಲನೆಯದು, ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಇದನ್ನು ನಿದ್ದೆಯ ಹಸಿವು ಎನ್ನಬಹುದು. ಸಂಜೆ ಏಳಕ್ಕೆ ಎರಡು ಬೋಂಡ ತಿಂದವರಿಗೆ ಒಂಬತ್ತಕ್ಕೆ ಊಟ ಸೇರುವುದಿಲ್ಲವಲ್ಲ, ಹಾಗೆಯೇ ಟಿ.ವಿ. ಮುಂದೆ ಅರ್ಧ ಗಂಟೆ ತೂಕಡಿಸಿದರೂ ಈ ಹಸಿವು ಇಂಗುತ್ತದೆ. ಕಾಫಿ ಹಸಿವನ್ನು ತಣಿಸುವುದಿಲ್ಲ, ಮರೆಮಾಡುತ್ತದೆ: ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಹೊರಹೋಗಲು ಸುಮಾರು ಐದು ಗಂಟೆ ಬೇಕು.

ಎರಡನೆಯದು ದೇಹದ ಗಡಿಯಾರ. ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಮಿದುಳಿನ ಹೈಪೊಥಾಲಮಸ್ ಎಂಬ ಭಾಗದಲ್ಲಿ, ಸುಮಾರು 20 ಸಾವಿರ ನರಕೋಶಗಳ ಗುಂಪೊಂದಿದೆ. ಬೆಳಗಿನ ಬೆಳಕು ಕಂಡಾಗ ಅದು ತನ್ನ ಹೊತ್ತು ಸರಿಪಡಿಸಿಕೊಳ್ಳುತ್ತದೆ. ಏಳುವ ಹೊತ್ತು ದಿನಕ್ಕೊಂದಾದರೆ ಗಡಿಯಾರವೂ ಅಲ್ಲಾಡುತ್ತದೆ.

ಮೂರನೆಯದು ಎಚ್ಚರದ ವ್ಯವಸ್ಥೆ. ನಿದ್ರಾಹೀನತೆಯಲ್ಲಿ ಕೆಡುವುದು ಹೆಚ್ಚಾಗಿ ಇದೇ. ಇಂಥವರ ಮಿದುಳಿನ ಸ್ಕ್ಯಾನ್ ಮಾಡಿದಾಗ, ನಿದ್ದೆ ಹತ್ತಿದ ಮೇಲೂ ಎಚ್ಚರವನ್ನು ಕಾಯುವ ಭಾಗಗಳು ಇಳಿಯಬೇಕಾದಷ್ಟು ತಣ್ಣಗಾಗಿರಲಿಲ್ಲ. ‘ಕಣ್ಣು ಮುಚ್ಚಿತ್ತು, ಆದರೆ ಇಡೀ ರಾತ್ರಿ ಎಲ್ಲ ಕೇಳಿಸುತ್ತಿತ್ತು’ ಎಂದು ಅವರು ಹೇಳುವುದು ಸುಳ್ಳಲ್ಲ. ಮನೆಯವರು ‘ಗೊರಕೆ ಹೊಡೀತಿದ್ದೆಯಲ್ಲ’ ಎಂದು ತಳ್ಳಿಹಾಕಬಾರದು. ಹಾಸಿಗೆಯಲ್ಲಿ ಎಚ್ಚರವಾಗಿ ಹೊರಳಿದಷ್ಟೂ ಮಿದುಳು ‘ಹಾಸಿಗೆ ಎಂದರೆ ಎಚ್ಚರವಿರುವ ಜಾಗ’ ಎಂದು ಕಲಿಯುತ್ತದೆ. ಸೋಫಾದಲ್ಲಿ ಬಂದ ಜೋಂಪು ದಿಂಬಿಗೆ ತಲೆಯಿಟ್ಟೊಡನೆ ಹಾರಿಹೋಗುವುದು ಇದಕ್ಕೇ.

ಮನಸ್ಸಿಗೂ ಇದಕ್ಕೂ ಏನು ನಂಟು?

ಖಿನ್ನತೆ ಬಂದುದರಿಂದ ನಿದ್ದೆ ಕೆಟ್ಟಿತು ಎಂಬುದು ಅರ್ಧ ಸತ್ಯ. ಖಿನ್ನತೆಯಿಲ್ಲದವರಲ್ಲಿ ನಿದ್ರಾಹೀನತೆಯಿದ್ದರೆ, ಮುಂದೆ ಖಿನ್ನತೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ. ಒಂದೂವರೆ ದಿನ ನಿದ್ದೆಗೆಟ್ಟ ಆರೋಗ್ಯವಂತರಿಗೆ ಭೀಕರ ಚಿತ್ರಗಳನ್ನು ತೋರಿಸಿದ 2007ರ ಪ್ರಯೋಗದಲ್ಲಿ, ಭಯವನ್ನು ಗುರುತಿಸುವ ಅಮಿಗ್ಡಾಲ ಮಾಮೂಲಿಗಿಂತ ಸುಮಾರು 60% ಹೆಚ್ಚು ಕೆರಳಿತು. ಅದನ್ನು ಹತೋಟಿಯಲ್ಲಿಡುವ ಮುಂಮಿದುಳಿನ ಹಿಡಿತವೂ ಸಡಿಲಿತು. ಇನ್ನೂ ಭರವಸೆ ಕೊಡುವ ಮಾತೆಂದರೆ 2017ರದು. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಆನ್‌ಲೈನ್ ಸಿಬಿಟಿ-ಐ ಕೊಟ್ಟರು. ಅವರ ನಿದ್ದೆ ಸುಧಾರಿಸಿದ್ದಲ್ಲದೆ ಆತಂಕ, ಖಿನ್ನತೆ, ಅತಿಶಂಕೆಯ ಲಕ್ಷಣಗಳೂ ಇಳಿದವು.

ಯಾರು ತಾವಾಗಿಯೇ ಮಾಡಬಾರದು?

ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಏರಿಳಿಯುವ ಬೈಪೋಲಾರ್ ಕಾಯಿಲೆ ಇರುವವರು ನಿದ್ದೆಯ ಹೊತ್ತು ಮೊಟಕು ಮಾಡಿದರೆ ಉನ್ಮಾದ ಕೆರಳಬಹುದು. ಮೂರ್ಛೆರೋಗ, ನಿದ್ದೆಯಲ್ಲಿ ನಡೆಯುವ ಅಭ್ಯಾಸ, ಜೋರು ಗೊರಕೆಯೊಂದಿಗೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಇರುವವರು, ಗರ್ಭಿಣಿಯರು, ಲಾರಿ-ಬಸ್ ಓಡಿಸುವವರು, ಯಂತ್ರಗಳ ಬಳಿ ದುಡಿಯುವವರು ವೈದ್ಯರನ್ನು ಕೇಳದೆ ಶುರುಮಾಡಬೇಡಿ. ನಿದ್ದೆ ಮಾತ್ರೆ ನುಂಗುತ್ತಿದ್ದರೆ ಏಕಾಏಕಿ ನಿಲ್ಲಿಸಬಾರದು. ಎರಡು-ಮೂರು ಗಂಟೆ ಮಲಗಿದರೂ ದಣಿವೇ ಇಲ್ಲ, ಉತ್ಸಾಹ ಉಕ್ಕುತ್ತಿದೆ ಎಂದರೆ ಅದು ನಿದ್ರಾಹೀನತೆಯಲ್ಲ, ಉನ್ಮಾದದ ಸೂಚನೆ ಇರಬಹುದು. ಕೂಡಲೇ ಮನೋವೈದ್ಯರನ್ನು ಕಾಣಿ.

ಹೀಗೆ ಮಾಡಿ

1. ಎರಡು ವಾರ ಬರೆದಿಡಿ. ಮಲಗಿದ್ದು, ನಿದ್ದೆ ಹತ್ತಿದ್ದು, ನಡುವೆ ಎಚ್ಚರವಿದ್ದದ್ದು, ಎದ್ದದ್ದು. ಇಷ್ಟನ್ನೂ ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆದರೆ ಸಾಕು. ರಾತ್ರಿ ಗಡಿಯಾರ ನೋಡಬೇಡಿ, ಅದನ್ನು ಗೋಡೆಯ ಕಡೆ ತಿರುಗಿಸಿಡಿ.

2. ಲೆಕ್ಕ ಹಾಕಿ. 11ಕ್ಕೆ ಮಲಗಿ 7ಕ್ಕೆ ಏಳುವವರು ಸರಾಸರಿ ಐದೂವರೆ ಗಂಟೆ ನಿದ್ರಿಸುತ್ತಾರೆ ಎಂದುಕೊಳ್ಳಿ. ಹಾಸಿಗೆಯಲ್ಲಿದ್ದದ್ದು 8 ಗಂಟೆ. ಐದೂವರೆಯನ್ನು ಎಂಟರಿಂದ ಭಾಗಿಸಿದರೆ ನಿದ್ದೆಯ ದಕ್ಷತೆ ಸುಮಾರು 69%. ಇದು 85 ದಾಟಬೇಕು.

3. ಹೊತ್ತು ಕತ್ತರಿಸಿ. ಮೊದಲು ಏಳುವ ಹೊತ್ತನ್ನು ನಿಗದಿ ಮಾಡಿ, ಬೆಳಿಗ್ಗೆ 6 ಎನ್ನೋಣ. ಅಲ್ಲಿಂದ ಐದೂವರೆ ಗಂಟೆ ಹಿಂದಕ್ಕೆ ಎಣಿಸಿ: ರಾತ್ರಿ 12.30ಕ್ಕೆ ಮುಂಚೆ ಹಾಸಿಗೆ ಮುಟ್ಟುವಂತಿಲ್ಲ. ಲೆಕ್ಕ ಎಷ್ಟೇ ಬಂದರೂ 5 ಗಂಟೆಗಿಂತ ಕೆಳಗೆ ಇಳಿಸಬೇಡಿ. ಭಾನುವಾರಕ್ಕೂ, ಹಬ್ಬದ ರಜೆಗೂ ಇದೇ ನಿಯಮ. ಎದ್ದೊಡನೆ 20–30 ನಿಮಿಷ ಹೊರಗಿನ ಬೆಳಕಿನಲ್ಲಿ ಓಡಾಡಿ.

4. ನಿದ್ದೆ ಬರದಿದ್ದರೆ ಎದ್ದುಬಿಡಿ. ಸುಮಾರು 20 ನಿಮಿಷವಾಯಿತು ಅನ್ನಿಸಿದೊಡನೆ ಬೇರೆ ಕೋಣೆಗೆ ಹೋಗಿ. ಮಂದ ಬೆಳಕಿನಲ್ಲಿ ಬಟ್ಟೆ ಮಡಿಸಿ, ಹಳೆಯ ಮ್ಯಾಗಜಿನ್ ತಿರುವಿಹಾಕಿ. ಮೊಬೈಲ್ ಬೇಡ. ಕಣ್ಣು ಎಳೆಯಲು ಶುರುವಾದಾಗ ಮಾತ್ರ ಮರಳಿ ಬನ್ನಿ. ಒಂದೇ ಕೋಣೆಯ ಮನೆಯಾದರೆ ಹಾಸಿಗೆ ಬಿಟ್ಟು ಒಂದು ಕುರ್ಚಿಯಲ್ಲೋ ಚಾಪೆಯ ಮೇಲೋ ಕುಳಿತರೂ ಆಗುತ್ತದೆ.

5. ವಾರಕ್ಕೊಮ್ಮೆ ಸರಿಹೊಂದಿಸಿ. ದಕ್ಷತೆ 90 ಮುಟ್ಟಿದರೆ 15 ನಿಮಿಷ ಸೇರಿಸಿ: 12.15ಕ್ಕೆ ಮಲಗಿ. 85ರಿಂದ 90ರೊಳಗಿದ್ದರೆ ಹಾಗೇ ಬಿಡಿ. 85ಕ್ಕಿಂತ ಕಡಿಮೆಯಾದರೆ 15 ನಿಮಿಷ ಕಳೆಯಿರಿ.

6. ಚಿಂತೆಗೂ ಹೊತ್ತು ಕೊಡಿ. ಸಂಜೆ ಒಂದು ಕಾಲು ಗಂಟೆ ಕುಳಿತು, ತಲೆ ಕೊರೆಯುವ ವಿಷಯವನ್ನೂ ಅದಕ್ಕೆ ನಾಳೆ ಮಾಡಬಹುದಾದ ಒಂದು ಕೆಲಸವನ್ನೂ ಬರೆಯಿರಿ.

ಎಲ್ಲಿ ತಪ್ಪುತ್ತದೆ?

ಮೊದಲ ಎರಡು ವಾರ ಕಷ್ಟ, ಹಗಲೆಲ್ಲ ತೂಕಡಿಕೆ. ನಾಲ್ಕನೇ ದಿನಕ್ಕೇ ‘ಇದು ನನಗಾಗದು’ ಎಂದು ಬಿಡುವವರೂ ಇದ್ದಾರೆ. ಆದರೆ ಆ ತೂಕಡಿಕೆಯೇ ನಿದ್ದೆಯ ಹಸಿವು ಸೇರುತ್ತಿದೆ ಎಂಬ ಗುರುತು. ಈ ದಿನಗಳಲ್ಲಿ ತೂಕಡಿಸುತ್ತಾ ಬೈಕ್, ಕಾರು ಓಡಿಸಬೇಡಿ. ಮಧ್ಯಾಹ್ನ ಊಟವಾದ ಮೇಲಿನ ನಿದ್ದೆ ಬೇಡ, ಎರಡು ಗಂಟೆಯ ನಂತರ ಕಾಫಿ, ಚಹಾ ಬೇಡ. ನಿದ್ದೆಗೆಂದು ಕುಡಿದ ಮದ್ಯ ಬೇಗ ಮಲಗಿಸುತ್ತದೆ, ನಸುಕಿನಲ್ಲಿ ನಿದ್ದೆ ಒಡೆಯುತ್ತದೆ. ಪೂರ್ತಿ ಫಲ ಕಾಣಲು ಆರರಿಂದ ಎಂಟು ವಾರ ಬೇಕು.

ನಸುಕಿಗೇ ಎಚ್ಚರವಾಗಿ ಬೆಳಗಿನ ಹೊತ್ತೇ ಮನಸ್ಸು ತೀರಾ ಕುಗ್ಗುತ್ತಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ, ಎಂಟು ವಾರ ಕಾಯಬೇಡಿ. ಸಾಯುವ ಯೋಚನೆ ಬಂದರೆ ಅದೇ ರಾತ್ರಿ ಮನೆಯವರನ್ನು ಎಬ್ಬಿಸಿ ಹೇಳಿ, 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.