ಹಳೆಯ ಎಲೆಕ್ಟ್ರಿಕ್ ಕಾರನ್ನು ದಾನ ಕೊಡುವುದು ಹೇಗೆ?

ವೃದ್ಧಾಶ್ರಮಕ್ಕೋ ವಿಶೇಷ ಮಕ್ಕಳ ಶಾಲೆಗೋ ಊರೊಳಗಿನ ಓಡಾಟವೇ ಹೆಚ್ಚು: ಆಸ್ಪತ್ರೆ, ಬ್ಯಾಂಕು, ಮಾರುಕಟ್ಟೆ. ಅದಕ್ಕೆ ಹಳೆಯ ಎಲೆಕ್ಟ್ರಿಕ್ ಕಾರು ಹೇಳಿ ಮಾಡಿಸಿದಂಥದ್ದು. ಆದರೆ ಬ್ಯಾಟರಿ ಸೋತ, ಕಾಗದಪತ್ರ ಸರಿಯಿಲ್ಲದ ಕಾರು ಕೊಟ್ಟರೆ ಸಂಸ್ಥೆಯ ಅಂಗಳದಲ್ಲಿ ಧೂಳು ಹಿಡಿದು ನಿಲ್ಲುತ್ತದೆ. ಅದನ್ನು ಸಾಗಹಾಕುವ ಖರ್ಚೂ ಅವರ ತಲೆಗೇ ಬರುತ್ತದೆ.

ಕಾರೋ, ಹಣವೋ?

ಆದಾಯ ತೆರಿಗೆಯಲ್ಲಿ 80ಜಿ ಎಂದು ಎಲ್ಲರೂ ಕರೆಯುವ ರಿಯಾಯಿತಿ ಹಣದ ದಾನಕ್ಕೆ ಮಾತ್ರ, ವಸ್ತುವಿಗಿಲ್ಲ. ಕಾರು ಎಷ್ಟೇ ಬೆಲೆಯದಾದರೂ ಒಂದು ರೂಪಾಯಿ ರಿಯಾಯಿತಿ ಸಿಗದು. ರಿಯಾಯಿತಿ ಬೇಕಿದ್ದರೆ ಕಾರು ಮಾರಿ, ಬಂದ ಹಣವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ ಕೊಡಿ. 2,000 ರೂಪಾಯಿ ಮೀರಿದ ನಗದು ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗಷ್ಟೇ ಈ ಅನುಕೂಲ.

ಸಂಸ್ಥೆಯವರನ್ನು ಎರಡು ಮಾತು ಕೇಳಿ: ಡ್ರೈವರ್ ಇದ್ದಾರೆಯೇ? ಕಾರು ನಿಲ್ಲಿಸುವ ಜಾಗದಲ್ಲಿ ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ ಇದೆಯೇ? ಅರ್ಥಿಂಗ್ ಕೆಟ್ಟಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಬಾಡಿಗೆ ಕಟ್ಟಡವಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಎರಡಕ್ಕೂ ‘ಇಲ್ಲ’ ಎಂದರೆ ಕಾರು ಮಾರಿ ಹಣ ಕೊಡುವುದೇ ಅವರಿಗೆ ನಿಜವಾದ ಸಹಾಯ.

ಬ್ಯಾಟರಿ ಪರೀಕ್ಷೆ

ಡ್ಯಾಶ್‌ಬೋರ್ಡ್ ತೋರಿಸುವ ಕಿಲೋಮೀಟರ್ ಬರೀ ಅಂದಾಜು, ಇತ್ತೀಚೆಗೆ ಓಡಿಸಿದ ರೀತಿಗೆ ತಕ್ಕಂತೆ ಏರಿಳಿಯುತ್ತದೆ. ಶೇ 100 ಚಾರ್ಜ್ ಮಾಡಿ, ಎ.ಸಿ. ಹಾಕಿಕೊಂಡು ಮಾಮೂಲಿ ಟ್ರಾಫಿಕ್‌ನಲ್ಲಿ ಶೇ 20ಕ್ಕೆ ಇಳಿಯುವವರೆಗೆ ಓಡಿಸಿ. ಓಡಿದ ದೂರವನ್ನು 0.8ರಿಂದ ಭಾಗಿಸಿ. 96 ಕಿ.ಮೀ. ಓಡಿದ್ದರೆ ಪೂರ್ತಿ ಚಾರ್ಜ್‌ಗೆ 120 ಕಿ.ಮೀ. ಸಂಸ್ಥೆಗೆ ಹೇಳಬೇಕಾದ ಸಂಖ್ಯೆ ಇದು. ಕಂಪನಿಯ ಸರ್ವಿಸ್ ಸೆಂಟರ್‌ನಿಂದ ಬ್ಯಾಟರಿ ಆರೋಗ್ಯದ ವರದಿಯನ್ನೂ ಪಡೆದು ಜೊತೆಗಿಡಿ.

ತಿಂಗಳುಗಟ್ಟಲೆ ನಿಂತ ಕಾರು ಆನ್ ಆಗದಿದ್ದರೆ ದೊಡ್ಡ ಬ್ಯಾಟರಿ ಹೋಯಿತೆಂದು ಗಾಬರಿಬೀಳಬೇಡಿ. ಬಹಳ ಸಲ ಸತ್ತಿರುವುದು ಚಿಕ್ಕ 12 ವೋಲ್ಟ್ ಬ್ಯಾಟರಿ. ಅದಿಲ್ಲದೆ ದೊಡ್ಡ ಬ್ಯಾಟರಿಯ ಸಂಪರ್ಕವೇ ಆಗುವುದಿಲ್ಲ. ಅದನ್ನು ಬದಲಿಸಿಯೇ ಕೊಡಿ.

ವಾರಂಟಿ ಪುಸ್ತಕವನ್ನು ಸಾವಕಾಶವಾಗಿ ಓದಿ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಎಂಬುದು ಸಾಮಾನ್ಯ, ಆದರೆ ಕೆಲವು ದೀರ್ಘ ವಾರಂಟಿಗಳು ಮೊದಲ ಮಾಲೀಕರಿಗೆ ಮಾತ್ರ. ಸೆಪ್ಟೆಂಬರ್ 2022ರಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಮುಳುಗಿದಂಥ ಮಳೆಯಲ್ಲಿ ಕಾರು ನೀರಲ್ಲಿ ನಿಂತಿದ್ದರೆ ಅದನ್ನು ಮುಚ್ಚಿಡುವುದು ಅಪಾಯ. ವಿದ್ಯುತ್ ಸೋರುತ್ತಿದೆಯೇ ಎಂದು ನೋಡುವ ಇನ್ಸುಲೇಷನ್ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಬರೆದುಕೊಡಿ.

ಕಾಗದಪತ್ರ

ಸಾಲ ತೀರಿದ್ದರೂ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬ್ಯಾಂಕಿನ ಹೆಸರು ಉಳಿದಿರಬಹುದು. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರಂ 35 ಕೊಟ್ಟು ತೆಗೆಸಿ. ಬಾಕಿ ಟ್ರಾಫಿಕ್ ದಂಡ ಕಟ್ಟಿ. ಬಳಿಕ ಸರ್ಕಾರದ ಪರಿವಾಹನ್ ಪೋರ್ಟಲ್‌ನಲ್ಲಿ ಮಾಲೀಕರ ಹೆಸರು ಬದಲಿಸುವ ಫಾರಂ 29, 30 ತುಂಬಿ. ಅರ್ಜಿ ಸಂಸ್ಥೆಯ ವಿಳಾಸದ ಆರ್‌ಟಿಒಗೆ ಹೋಗಬೇಕು: ಕೋರಮಂಗಲದ ಕೆಎ-01 ಕಾರು ಯಲಹಂಕದ ಸಂಸ್ಥೆಗೆ ಹೋಗುವುದಾದರೆ ಯಲಹಂಕ ಕಚೇರಿಗೆ.

ಆರ್‌ಸಿ ಟ್ರಸ್ಟಿನ ಹೆಸರಿಗೇ ಆಗಲಿ, ಯಾವ ಟ್ರಸ್ಟಿಯ ಸ್ವಂತ ಹೆಸರಿಗೂ ಬೇಡ. ಟ್ರಸ್ಟ್ ಡೀಡ್‌ನ ಪ್ರತಿ, ಪ್ಯಾನ್, ವಿಳಾಸದ ದಾಖಲೆ ಮತ್ತು ಸಹಿ ಮಾಡುವವರು ಯಾರೆಂದು ತೀರ್ಮಾನಿಸಿದ ಠರಾವು ಸಿದ್ಧವಿರಲಿ. ದಾನಪತ್ರವನ್ನು ನೋಂದಾಯಿಸಬೇಕೆಂದಿಲ್ಲ. ಚರವಸ್ತುವಿನ ದಾನ, ವಸ್ತುವನ್ನು ಒಪ್ಪಿಸಿ ಅವರು ಸ್ವೀಕರಿಸಿದರೆ ಪೂರ್ಣ. ಆದರೂ ದಿನಾಂಕ, ಸಮಯ, ಓಡೋಮೀಟರ್ ಸಂಖ್ಯೆ ಬರೆದ ಸ್ವೀಕೃತಿ ಪತ್ರಕ್ಕೆ ಇಬ್ಬರ ಸಹಿ ಇರಲೇಬೇಕು.

ವರ್ಗಾವಣೆಯನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಕೊಡುವವರ ಹೊಣೆ. ‘ಅವರೇ ಮಾಡಿಸಿಕೊಳ್ಳುತ್ತಾರೆ’ ಎಂದು ಬಿಡಬೇಡಿ. ಕಾರು ಅಪಘಾತಕ್ಕೀಡಾದರೆ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯ ಹೆಸರು ಬದಲಾವಣೆಗೆ ಸಂಸ್ಥೆ ಅರ್ಜಿ ಹಾಕುವುದಕ್ಕೂ 14 ದಿನವೇ ಗಡುವು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದುದಕ್ಕೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ) ಕಾರಿನದಲ್ಲ, ನಿಮ್ಮದು. ಅದರ ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಬಳಸಬಹುದು.

ಕೊಡುವ ದಿನ ಎರಡೂ ಕೀಲಿ, ಚಾರ್ಜಿಂಗ್ ಕೇಬಲ್, ಸರ್ವಿಸ್ ದಾಖಲೆ ಒಪ್ಪಿಸಿ. ಫಾಸ್ಟ್ಯಾಗ್ ಮುಚ್ಚಿಸಿ. ಮೊಬೈಲ್ ಆ್ಯಪ್‌ನಿಂದ ಕಾರನ್ನು ತೆಗೆಯಿರಿ, ಪರದೆಯಲ್ಲಿ ಉಳಿದ ಫೋನ್ ನಂಬರ್, ಮನೆ ವಿಳಾಸ ಅಳಿಸಿ. ಹಸಿರು ಫಲಕದ ಮೇಲೆ ಬಿಳಿ ಅಕ್ಷರವಿದ್ದರೆ ಅದು ಖಾಸಗಿ ವಾಹನ, ಬಾಡಿಗೆಗೆ ಓಡಿಸುವಂತಿಲ್ಲ ಎಂದೂ ತಿಳಿಸಿ.

ಓಡದ ಕಾರಾದರೆ

2001ರಲ್ಲಿ ಮಾರುಕಟ್ಟೆಗೆ ಬಂದ ಬೆಂಗಳೂರಿನದೇ ರೇವಾದಂಥ ಕಾರುಗಳ 15 ವರ್ಷದ ನೋಂದಣಿ ಮುಗಿದಿದ್ದರೆ ಮೊದಲು ಫಾರಂ 25ರಲ್ಲಿ ನವೀಕರಣ ಆಗಬೇಕು. ಅಷ್ಟು ಖರ್ಚಿಗೆ ಬೆಲೆಯಿಲ್ಲ ಎನಿಸಿದರೆ ಆರ್‌ಸಿ ರದ್ದು ಮಾಡಿಸಿ, ಐಟಿಐ ಅಥವಾ ಪಾಲಿಟೆಕ್ನಿಕ್‌ಗೆ ಪಾಠದ ಸಾಮಗ್ರಿಯಾಗಿ ಕೊಡಬಹುದು. ಕೆಟ್ಟ ಲೆಡ್-ಆಸಿಡ್ ಬ್ಯಾಟರಿ ಬ್ಯಾಟರಿ ಅಂಗಡಿಗೆ, ಲಿಥಿಯಂ ಬ್ಯಾಟರಿ ಕಂಪನಿಯ ಸರ್ವಿಸ್ ಸೆಂಟರ್‌ಗೆ ಸೇರಲಿ. ಮರಳಿ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲಿಟ್ಟಿವೆ. ಕಾರನ್ನು ಹಗ್ಗ ಕಟ್ಟಿ ಎಳೆಯಬೇಡಿ, ಚಕ್ರ ತಿರುಗಿದರೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟುತ್ತದೆ. ಫ್ಲಾಟ್‌ಬೆಡ್ ಲಾರಿ ಕರೆಸಿ. ಬ್ಯಾಟರಿಯನ್ನು ಕಾರಿನಲ್ಲೇ ಬಿಟ್ಟು ಕಾಲೇಜಿಗೆ ಕೊಡುವುದಾದರೆ, ಹಲವು ಕಾರುಗಳಲ್ಲಿ ಅದು 300 ವೋಲ್ಟ್ ದಾಟುವುದರಿಂದ, ತರಬೇತಾದ ಮೆಕ್ಯಾನಿಕ್ 1,000 ವೋಲ್ಟ್ ತಡೆಯುವ ಕೈಗವಸು ಹಾಕಿಕೊಂಡು, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಳಚಲಿ. ಹತ್ತು ನಿಮಿಷವಾದರೂ ಕಾದು, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಮುಂದಿನ ಕೆಲಸ. ಕಳಚಿದ ಪ್ಲಗ್ಗನ್ನು ಕಾರಿನಲ್ಲಿ ಬಿಡದೆ ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟು ಸಹಿ ಪಡೆಯಿರಿ.