ಬ್ಲೀಚ್ ಮಾಡಿದ ತೇಗದ ಮೇಲೂ ಮೆಲಮೈನ್ ಗಟ್ಟಿಯಾಗುತ್ತದೆ

ಬ್ಲೀಚ್ ಮಾಡಿದ ಮರಕ್ಕೆ ಮೆಲಮೈನ್ ಪಾಲಿಶ್ ಹಾಕಿದರೆ ಮೆತ್ತಗೇ ಉಳಿಯುತ್ತದೆ, ಪಿಯು (ಪಾಲಿಯುರೆಥೇನ್ ಪಾಲಿಶ್) ಹಾಕು, ಇಲ್ಲಾಂದ್ರೆ ಕೆಲಸ ಬಿಡು. ನಮ್ಮ ಕಡೆಯ ಪಾಲಿಶ್‌ನವರು ಹೇಳುತ್ತಿದ್ದದ್ದು ಇಷ್ಟೇ. ಈಗ ಅವರೇ ಬಂದು ನನ್ನ ಟೇಬಲ್ಲನ್ನು ಉಗುರಲ್ಲಿ ಕೆರೆದು ನೋಡಿ ಹೋಗುತ್ತಾರೆ.

ಗಿರಾಕಿಗಳಿಗೆ ಈಗ ತೇಗವೂ ಬೆಳ್ಳಗೆ ಬೇಕು. ಕಾಸ್ಟಿಕ್ ಸೋಡಾ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹೊಡೆದರೆ ಬಣ್ಣವೇನೋ ಇಳಿಯುತ್ತದೆ. ತೊಂದರೆ ಶುರುವಾಗೋದು ಆಮೇಲೆ. ಮೊದಲ ಊಟದ ಟೇಬಲ್ ಕೊಟ್ಟು ವಾರವಾಗಿತ್ತು. ಮನೆಯವರು ನ್ಯೂಸ್ ಪೇಪರ್ ಇಟ್ಟು ಎತ್ತಿದರೆ ಅದರ ಅಕ್ಷರ ಟೇಬಲ್ ಮೇಲೆ ತಿರುಗಾಮುರುಗಾ ಮೂಡಿತ್ತು! ಕೆರೆದು ಮತ್ತೆ ಹೊಡೆದೆ. ಥಿನ್ನರ್, ಕೂಲಿ, ಗಾಡಿ ಎಲ್ಲ ಸೇರಿ 4,000ದ ಹತ್ತಿರ ಕೈಬಿಟ್ಟಿತು.

ಪಾಲಿಶ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಜಾಸ್ತಿ ಹಾಕು ಅಂದರು. ಹಾಕಿದ ತುಂಡು ಗಟ್ಟಿಯಾಯಿತು ನಿಜ, ಆದರೆ ತಿಂಗಳೊಳಗೆ ಕೂದಲೆಳೆ ಬಿರುಕು ಬಿಟ್ಟು ಬೆಳ್ಳಗಾಯಿತು. ಬಿಸಿಲಿಗಿಟ್ಟದ್ದು ಮೇಲೆ ಒಣಗಿ ಒಳಗೆ ಹಸಿಯಾಗೇ ಇತ್ತು. ಬರೀ ನೀರಲ್ಲಿ ತೊಳೆದದ್ದು ನಾರು ಎದ್ದು ಉಜ್ಜುವ ಸ್ಯಾಂಡ್‌ಪೇಪರ್ ಖರ್ಚು ಹೆಚ್ಚಿಸಿತು, ಅಷ್ಟೇ.

ಮೆಲಮೈನ್ ಹಾರ್ಡನರ್ ಅಂದರೆ ಆಸಿಡ್ ತಾನೆ? ಮರದ ರಂಧ್ರದಲ್ಲಿ ಉಳಿದ ಕಾಸ್ಟಿಕ್ ಅದನ್ನು ಸುಮ್ನೆ ತಿಂದು ಹಾಕುತ್ತದೆ. ಉಳಿದಿದೆಯೋ ಇಲ್ಲವೋ ನೋಡಲು ನನ್ನ ಮೀಟರ್ ಅರಿಶಿನ. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಬಿಳಿ ಕಾಗದವನ್ನು ಒದ್ದೆ ಮರಕ್ಕೆ ಒತ್ತಿ ಹಿಡಿಯುತ್ತೇನೆ. ಕಾಸ್ಟಿಕ್ ಇದ್ದರೆ ಕೆಂಪಗಾಗುತ್ತದೆ. ಮೊದಲ ಸಲ ಒತ್ತಿದಾಗ ತೇಗದ ಗೆರೆಗಳೇ ಕಾಗದದ ಮೇಲೆ ಕುಂಕುಮದ ಹಾಗೆ ಎದ್ದು ಬಂದವು.

ಈಗ ಹೀಗೆ ಮಾಡುತ್ತೇನೆ. ಬ್ಲೀಚ್ ಆದಮೇಲೆ ಚೆನ್ನಾಗಿ ನೀರಲ್ಲಿ ಒರೆಸಿ ರಾತ್ರಿಯಿಡೀ ಬಿಡುತ್ತೇನೆ. ಪೆರಾಕ್ಸೈಡ್ ಹಸಿ ಇರುವಾಗ ಬೇರೇನೂ ಸುರಿಯಬಾರದು. ಮರುದಿನ, ಉಳಿದ ಕಾಸ್ಟಿಕ್ ಸಾಯಲಿ ಅಂತ, ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸುತ್ತೇನೆ, ಕಾಗದ ಹಳದಿಯಾಗೇ ಉಳಿಯುವ ತನಕ. ಮತ್ತೆ ನೀರು. ಕೊನೆಯ ಒರೆಸಿಗೆ ಇನ್ನೊಂದು ಸಾಮಾನು ಸೇರಿಸುತ್ತೇನೆ, ಅದು ನನ್ನ ಹೊಟ್ಟೆಪಾಡು, ಕೇಳಬೇಡಿ. ಪೂರ್ತಿ ಒಣಗಲು ಮಳೆಗಾಲದಲ್ಲಿ 4–5 ದಿನವಾದರೂ ಬೇಕು. 320 ನಂಬರ್ ಸ್ಯಾಂಡ್‌ಪೇಪರನ್ನು ಹಗುರವಾಗಿ ಆಡಿಸಿ, ಜಾಸ್ತಿ ಉಜ್ಜಿದರೆ ಹಳೇ ಬಣ್ಣ ಇಣುಕುತ್ತದೆ. ಆಮೇಲೆ ರಂಧ್ರ ಮುಚ್ಚುವ ಸೀಲರ್, ಮೆಲಮೈನ್, ಹಾರ್ಡನರ್ ಡಬ್ಬದ ಮೇಲಿನ ಅಳತೆಯಲ್ಲೇ.

ಗಟ್ಟಿ ನೋಡೋಕೆ ಚಿತ್ರ ಬಿಡಿಸುವವರ ಪೆನ್ಸಿಲ್ ಸೆಟ್ ತಂದೆ, ಬಿ ಅಂದರೆ ಮೆತ್ತಗಿನದು, ಎಚ್ ಅಂದರೆ ಗಟ್ಟಿ. ಮೊನೆಯನ್ನು ಚಪ್ಪಟೆ ಉಜ್ಜಿ 45 ಡಿಗ್ರಿ ಓರೆಯಲ್ಲಿ ತಳ್ಳಬೇಕು. ತೊಳೆಯದ ತುಂಡಿಗೆ 2ಬಿ ಕೂಡ ಗೀರು ಹಾಕಿತು. ವಿನಿಗರ್ ಕಂಡ ತುಂಡು ಎಚ್ ತಡೆಯಿತು, 2ಎಚ್‌ಗೆ ಸಣ್ಣ ಗೀರು ಬಿತ್ತು. ಬ್ಲೀಚ್ ಮಾಡದ ತೇಗದಲ್ಲೂ ಅಷ್ಟೇ ಬಂದದ್ದು.

ಸುಮ್ಮನಿರಲಾರದೆ ಅರಗಿನ ಪಾಲಿಶ್ ಕೂಡ ಹಾಕಿ ನೋಡಿದೆ. ಅದಕ್ಕೆ ಆಸಿಡ್ ಹಾರ್ಡನರ್ ಬೇಡ, ಒಣಗುತ್ತದೆ, ಹೊಳಪೂ ಚೆಂದ. ಬಿಸಿ ಕಾಫಿ ಲೋಟ ಇಟ್ಟ ಕೂಡಲೇ ಬಿಳಿ ಬಳೆ ಮೂಡಿತು. ಊಟದ ಟೇಬಲ್ಲಿಗೆ ಅದು ಆಗೋ ಮಾತಲ್ಲ.

ಒಂದು ಟೇಬಲ್ಲಿಗೆ ವಿನಿಗರ್ ಖರ್ಚು 150 ರೂಪಾಯಿ ದಾಟಿಲ್ಲ. ಪಿಯು ಹಾಕಿದ್ದರೆ ಸಾಮಾನಿಗೇ ಮೆಲಮೈನಿನ ಹೆಚ್ಚುಕಡಿಮೆ ಎರಡರಷ್ಟು ಆಗುತ್ತಿತ್ತು. ಮರದಲ್ಲಿ ಪೆರಾಕ್ಸೈಡ್ ಉಳಿದಿದ್ದರೆ ಪಿಯು ಕೂಡ ಹಳದಿ ತಿರುಗುತ್ತದೆ ಅನ್ನೋದು ಬೇರೆ ಮಾತು.